ವೆಂಬನಾಡಿನ ‘ಆದಿತ್ಯ’

ಕೇರಳದ ಕರಾವಳಿಯಲ್ಲಿ ಸಂಚರಿಸುವ ಪ್ರವಾಸಿಗನಿಗೆ ಅಲ್ಲಿ ನೆಲದ ಹಾದಿಗಳಿಗಿಂತ ನೀರಿನ ಹಾದಿಗಳೇ ಹೆಚ್ಚೇನೋ ಎಂದು ಭಾಸವಾಗುವುದು ಸಹಜ. ಪಂಪಾ, ಮಣಿಮಲ, ಮೀನಚ್ಚಿಲ್, ಮೂವಾಟ್ಟುಪುಳ ಮೊದಲಾದ ನದಿಗಳು ಬಂದು ಸೇರುವ ವೆಂಬನಾಡು ಸರೋವರವು ಈ ಜಲಮಾರ್ಗಗಳಿಗೆಲ್ಲ ಹೃದಯದಂತಿದೆ. ಅಂತರರಾಷ್ಟ್ರೀಯ ಮಹತ್ತ್ವವುಳ್ಳ ಜೌಗುಪ್ರದೇಶವೆಂದು 2002ರಲ್ಲಿ ಇದಕ್ಕೆ ರಾಮ್‌ಸಾರ್ ಮಾನ್ಯತೆ ದೊರೆತಿದೆ. ಇದರ ಪೂರ್ವದ ದಡದಲ್ಲಿರುವ ವೈಕಂ ಎಂಬ ಊರು ಎರ್ನಾಕುಳದಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿದ್ದು, ಮಹಾದೇವ ದೇವಾಲಯಕ್ಕಾಗಿ ಪ್ರಸಿದ್ಧವಾಗಿದೆ. ಕನ್ನಡ ನಾಡಿನಿಂದ ಆ ಕಡೆಗೆ ಯಾತ್ರೆ ಹೊರಡುವ ಅನೇಕರು ಈ ಊರನ್ನು ಕಂಡಿರುತ್ತಾರೆ. ಆದರೆ ದರ್ಶನ ಮುಗಿಸಿ ದೋಣಿಕಟ್ಟೆಯವರೆಗೆ ನಡೆದು ಹೋಗುವವರು ವಿರಳ.

ಆ ದೋಣಿಕಟ್ಟೆಗೆ ಒಂದು ಇತಿಹಾಸವಿದೆ. ದೇವಾಲಯದ ಸುತ್ತಣ ಬೀದಿಗಳಲ್ಲಿ ನಡೆದಾಡುವ ಹಕ್ಕು ಎಲ್ಲರಿಗೂ ಇರಬೇಕೆಂದು 1924ರ ಮಾರ್ಚ್ 30ರಂದು ಇಲ್ಲಿ ಸತ್ಯಾಗ್ರಹ ಪ್ರಾರಂಭವಾಯಿತು. ಅದು ಸುಮಾರು 20 ತಿಂಗಳ ಕಾಲ ನಡೆಯಿತು. 1925ರ ಮಾರ್ಚಿನಲ್ಲಿ ಗಾಂಧೀಜಿಯವರು ಜಲಮಾರ್ಗವಾಗಿ ಬಂದು ಇಳಿದುದು ಇದೇ ಊರಿನ ದಡದಲ್ಲಿ. ದಾರಿ ಎಂಬುದು ಎಲ್ಲರ ಸೊತ್ತು ಎಂಬ ಮಾತಿಗಾಗಿ ಕಷ್ಟಪಟ್ಟ ಜನರ ಊರಿದು. ಅಂತಹ ಊರಿನಲ್ಲಿಯೇ ಭಾರತದ ಮೊದಲ ಸೌರಶಕ್ತಿಯ ಪ್ರಯಾಣಿಕ ದೋಣಿಯು ನೀರಿಗಿಳಿಯಿತೆಂಬುದು ಸಂತೋಷದ ಸಂಗತಿ.

ಅದರ ಹೆಸರು ‘ಆದಿತ್ಯ’. ಕೇರಳ ರಾಜ್ಯ ಜಲಸಾರಿಗೆ ಇಲಾಖೆಗಾಗಿ ಕೊಚ್ಚಿಯ ನವಾಲ್ಟ್ ಸಂಸ್ಥೆಯು ಇದನ್ನು ನಿರ್ಮಿಸಿತು. ಹಡಗು ವಿನ್ಯಾಸದಲ್ಲಿ ಪರಿಣತರಾದ ಸಂದಿತ್ ತಂಡಾಶ್ಶೇರಿಯವರು ಆ ಸಂಸ್ಥೆಯ ಸ್ಥಾಪಕರು. 2017ರ ಜನವರಿ 12ರಂದು ವೈಕಂ ಮತ್ತು ಎದುರು ದಡದ ತವಣಕ್ಕಡವುಗಳ ನಡುವೆ ಇದರ ಸೇವೆ ಉದ್ಘಾಟನೆಗೊಂಡಿತು. ಒಂದು ದಡ ಕೋಟ್ಟಯಂ ಜಿಲ್ಲೆ, ಇನ್ನೊಂದು ಆಲಪ್ಪುಳ ಜಿಲ್ಲೆ. ನಡುವಣ ಅಂತರ ಸುಮಾರು ಎರಡೂವರೆ ಕಿಲೋಮೀಟರ್, ಪ್ರಯಾಣದ ಅವಧಿ ಹೆಚ್ಚುಕಡಿಮೆ 15 ನಿಮಿಷ. ಇದು ವಿಹಾರಾರ್ಥಿಗಳ ನೌಕೆಯಲ್ಲ. ಶಾಲೆಗೆ ಹೋಗುವ ಮಕ್ಕಳು, ಕೂಲಿಗೆ ಹೊರಟ ಹೆಣ್ಣುಮಕ್ಕಳು, ಕಚೇರಿಯ ನೌಕರರು ಕೆಲವೇ ರೂಪಾಯಿ ತೆತ್ತು ಏರುವ ದೋಣಿ. ಹೊಸ ವಿದ್ಯೆಯೊಂದು ಮೊದಲು ಸಿರಿವಂತರ ವಿನೋದಕ್ಕೆ ಒದಗಿ, ಬಹುಕಾಲದ ಮೇಲೆ ಬಡವರ ಬಳಿಗೆ ಬರುವುದು ಲೋಕರೂಢಿ. ಇಲ್ಲಿ ಆ ಕ್ರಮ ತಿರುವುಮುರುವಾಗಿದೆ.

ಈ ದೋಣಿಯ ಉದ್ದ 20 ಮೀಟರ್, ಅಗಲ 7 ಮೀಟರ್. 75 ಜನರಿಗೆ ಆಸನಗಳಿವೆ. ಚಾವಣಿಯ ಮೇಲೆ 20 ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳು, ಒಳಗೆ 50 ಯೂನಿಟ್ ವಿದ್ಯುತ್ತನ್ನು ಹಿಡಿದಿಡುವ ಲಿಥಿಯಂ ಬ್ಯಾಟರಿ, ತಲಾ 20 ಕಿಲೋವ್ಯಾಟ್‌ನ ಎರಡು ಮೋಟಾರುಗಳು. ಫಲಕಗಳಿಂದ ಬಂದ ವಿದ್ಯುತ್ತು ಬ್ಯಾಟರಿಯನ್ನು ತುಂಬುತ್ತದೆ, ಮೋಟಾರನ್ನೂ ನಡೆಸುತ್ತದೆ. ಮೋಡ ಕವಿದಾಗ ಬ್ಯಾಟರಿಯು ಕೊರತೆಯನ್ನು ತುಂಬುತ್ತದೆ. ರಾತ್ರಿ ಕಟ್ಟೆಯಲ್ಲಿ ನಿಂತಾಗ ವಿದ್ಯುತ್ ಜಾಲದಿಂದ ಬ್ಯಾಟರಿಯನ್ನು ಪುನಃ ತುಂಬಿಕೊಳ್ಳಬಹುದು. ಮುಂಗಾರಿನ ತಿಂಗಳುಗಳಲ್ಲಿ ಈ ಏರ್ಪಾಡು ಬಹಳ ಅಗತ್ಯ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. ಒಂದು ಕಿಲೋವ್ಯಾಟ್ ಫಲಕವು ಒಳ್ಳೆಯ ಬಿಸಿಲಿನ ದಿನದಲ್ಲಿ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ ದೋಣಿಯ ದಿನದ ಆದಾಯ 80 ಯೂನಿಟ್. ದಿನಕ್ಕೆ 22 ಸಲ ದಾಟಿದರೆ ಚಲನೆಯ ಕಾಲ ಐದೂವರೆ ಗಂಟೆ. ಅಷ್ಟು ಹೊತ್ತೂ ಎರಡು ಮೋಟಾರುಗಳನ್ನು ಪೂರ್ಣಶಕ್ತಿಯಲ್ಲಿ ಓಡಿಸಿದರೆ ಖರ್ಚು 220 ಯೂನಿಟ್! ಆದಾಯಕ್ಕೂ ವೆಚ್ಚಕ್ಕೂ ತಾಳೆಯೇ ಇಲ್ಲ. ಚಾವಣಿಯನ್ನು ಇನ್ನಷ್ಟು ಹಿಗ್ಗಿಸಿ ಫಲಕಗಳನ್ನು ಹೆಚ್ಚಿಸೋಣವೆಂದರೆ ದೋಣಿಯ ಭಾರ ಹೆಚ್ಚುತ್ತದೆ, ಗಾಳಿಯ ಒತ್ತಡವೂ ಹೆಚ್ಚುತ್ತದೆ.

ನಿರ್ಮಾಪಕರು ವೆಚ್ಚದ ಕಡೆಯನ್ನು ಹಿಡಿದರು. ಒಂದೇ ದಪ್ಪ ಒಡಲಿನ ಬದಲು ಕಿರಿದಾದ ಎರಡು ಒಡಲುಗಳನ್ನು ಅಕ್ಕಪಕ್ಕದಲ್ಲಿ ಜೋಡಿಸಿದರು. ಕಿರಿದಾದ ಒಡಲು ನೀರನ್ನು ಸುಲಭವಾಗಿ ಸೀಳುತ್ತದೆ. ಹಗುರವಾಗಲೆಂದು ಫೈಬರ್ ಗ್ಲಾಸನ್ನು ಬಳಸಿದರು. ವೇಗವನ್ನು ಗಂಟೆಗೆ ಸುಮಾರು 10 ಕಿಲೋಮೀಟರಿಗೆ ಮಿತಗೊಳಿಸಿದರು. ನೀರಿನಲ್ಲಿ ವೇಗವನ್ನು ಇಮ್ಮಡಿಗೊಳಿಸಲು ಸರಿಸುಮಾರು ಎಂಟು ಪಟ್ಟು ಶಕ್ತಿ ಬೇಕು. ಅಂತೆಯೇ ವೇಗವನ್ನು ಕಾಲು ಭಾಗ ಇಳಿಸಿದರೆ ಶಕ್ತಿಯ ಅಗತ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆಗ 220ರ ಲೆಕ್ಕ 90ರ ಆಸುಪಾಸಿಗೆ ಬರುತ್ತದೆ. ಉಳಿದ ಅಲ್ಪ ಕೊರತೆಯನ್ನು ರಾತ್ರಿಯ ವಿದ್ಯುತ್ತು ನೀಗಿಸಬಲ್ಲದು. ಪ್ರಯಾಣಿಕನಿಗೆ ಆಗುವ ನಷ್ಟವೆಂದರೆ ಮೂರು ನಾಲ್ಕು ನಿಮಿಷಗಳು ಮಾತ್ರ.

ಮಿತವ್ಯಯದ ಭರದಲ್ಲಿ ಭದ್ರತೆಯನ್ನು ಕಡೆಗಣಿಸುವಂತಿಲ್ಲ. 2002ರ ಜುಲೈ 27ರಂದು ಇದೇ ಸರೋವರದಲ್ಲಿ ಮುಹಮ್ಮದಿಂದ ಕುಮರಕಂಗೆ ಹೊರಟಿದ್ದ ದೋಣಿ ಮುಳುಗಿ 29 ಜನರು ಪ್ರಾಣ ಕಳೆದುಕೊಂಡರು. ಆ ನೋವು ಅಲ್ಲಿನ ಮನೆಮನೆಗೂ ತಿಳಿದಿದೆ. ಎರಡು ಒಡಲುಗಳ ಅಗಲವಾದ ದೋಣಿಯು ಒಂದು ಪಕ್ಕಕ್ಕೆ ಬೇಗನೆ ವಾಲುವುದಿಲ್ಲವಾದ್ದರಿಂದ, ಶಕ್ತಿಯನ್ನು ಉಳಿಸುವ ಆಕಾರವೇ ಜನರಿಗೆ ರಕ್ಷೆಯೂ ಆಗಿದೆ.

ಈ ದೋಣಿಯಲ್ಲಿ ಕುಳಿತವರ ಗಮನವನ್ನು ಮೊದಲು ಸೆಳೆಯುವುದು ಅದರ ಮೌನ. ಡೀಸೆಲ್ ಯಂತ್ರದ ಗದ್ದಲವಿಲ್ಲ, ಹೊಗೆಯಿಲ್ಲ, ನೀರಿನ ಮೇಲೆ ತೇಲುವ ಎಣ್ಣೆಯ ಪದರವಿಲ್ಲ. ಪಕ್ಕದಲ್ಲಿರುವವರೊಡನೆ ದನಿಯೆತ್ತದೆ ಮಾತನಾಡಬಹುದು. ಮೀನು ಹಿಡಿದು, ಕಪ್ಪೆಚಿಪ್ಪು ಆಯ್ದು ಜೀವಿಸುವ ಕುಟುಂಬಗಳಿಗೆ ನಿರ್ಮಲವಾದ ನೀರು ಅನ್ನದ ಪ್ರಶ್ನೆಯೇ ಆಗಿದೆ. ಫ್ರಾನ್ಸಿನ ಗುಸ್ತಾವ್ ತ್ರೂವೇ ಎಂಬ ಸಂಶೋಧಕನು 1881ರಲ್ಲಿ ಪ್ಯಾರಿಸಿನ ಸೀನ್ ನದಿಯಲ್ಲಿ ವಿದ್ಯುತ್ ದೋಣಿಯನ್ನು ನಡೆಸಿ ತೋರಿಸಿದ್ದನು. ಅವನ ಹೆಸರಿನ ಅಂತರರಾಷ್ಟ್ರೀಯ ಪ್ರಶಸ್ತಿಯು 2020ರಲ್ಲಿ ‘ಆದಿತ್ಯ’ಕ್ಕೆ ಸಂದಿತು.

ಇಂತಹ ದೋಣಿಗೆ ತೊಡಕುಗಳೂ ಇಲ್ಲದಿಲ್ಲ. ಮೊದಲ ಬಂಡವಾಳ ಹೆಚ್ಚು. ಬ್ಯಾಟರಿಗೆ ಆಯುಸ್ಸಿನ ಮಿತಿಯುಂಟು. ಉಪ್ಪು ಬೆರೆತ ಗಾಳಿಯು ತಂತಿಯ ಜೋಡಣೆಗಳನ್ನು ತಿನ್ನುತ್ತದೆ. ಫಲಕಗಳ ಮೇಲಿನ ಧೂಳನ್ನೂ ಹಕ್ಕಿಗಳ ಹಿಕ್ಕೆಯನ್ನೂ ಆಗಾಗ್ಗೆ ತೊಳೆಯಬೇಕು. ನಿತ್ಯದ ಈ ಆರೈಕೆ ತಪ್ಪಿದರೆ ಯಾವ ಯಂತ್ರವೂ ಉಳಿಯದು.

ಮನೆಯ ಚಾವಣಿಗೆ ಸೌರಫಲಕಗಳನ್ನು ಹಾಕಿಸಲು ಯೋಚಿಸುತ್ತಿರುವ ಗೃಹಸ್ಥರು ನಮ್ಮಲ್ಲಿ ಅನೇಕರಿದ್ದಾರೆ. ಎಷ್ಟು ಫಲಕ ಬೇಕೆಂದು ವಿಚಾರಿಸುವುದಕ್ಕೆ ಮುಂಚೆ, ಮನೆಯಲ್ಲಿ ಉರಿಯುವ ದೀಪಗಳೆಷ್ಟು, ವ್ಯರ್ಥವಾಗಿ ತಿರುಗುವ ಫ್ಯಾನುಗಳೆಷ್ಟು, ನೀರೆತ್ತುವ ಪಂಪು ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಮನೆಮಂದಿಯೆಲ್ಲ ಕುಳಿತು ಬರೆದಿಡುವುದು ಒಳಿತು. ಬೇಕುಗಳು ಹಗುರವಾದರೆ ಚಾವಣಿಯ ಮೇಲೆ ಬಿದ್ದ ಬಿಸಿಲೇ ಸಾಕಾದೀತು. ವೈಕಂ ಕಡೆಗೆ ಹೋಗುವ ಯಾತ್ರಿಕರು ಅರ್ಧ ಗಂಟೆಯ ಬಿಡುವು ಮಾಡಿಕೊಂಡು, ಮಕ್ಕಳನ್ನೂ ಜೊತೆಗೆ ಕರೆದುಕೊಂಡು, ಒಮ್ಮೆ ಆಚೆಯ ದಡಕ್ಕೆ ಹೋಗಿ ಬರಲಿ.