ಕೂಡಿಸುವ ಕೆಲಸ

ಜೂನ್ 12, 2024, ಗಂಗೊಳ್ಳಿ

ಬಂದರಿನಲ್ಲಿ ಬೋಟುಗಳೆಲ್ಲ ಸಾಲಾಗಿ ನಿಂತಿವೆ. ಜುಲೈ ಮುಗಿಯುವ ತನಕ ಯಾಂತ್ರಿಕ ಮೀನುಗಾರಿಕೆ ಇಲ್ಲ. ಯಕ್ಷಗಾನ ಮೇಳಗಳ ತಿರುಗಾಟವೂ ಮುಗಿದಿದೆ. ಭಾಗವತಿಕೆ ಕಲಿಯುವವರಿಗೆಂದು ಬರೆಯುತ್ತಿರುವ ಆ್ಯಪ್‌ಗೆ ಶ್ರುತಿ, ತಾಳ, ಮದ್ದಳೆ, ಚಂಡೆ ನಾಲ್ಕೂ ಬಂದು ಕೂತವು. ಇನ್ನು ಇವನ್ನು ಕೂಡಿಸುವವರು ಯಾರು?

ಹಿಂದೆ ಕಂಪ್ಯೂಟರಿನಲ್ಲಿ ಆ ಕೆಲಸಕ್ಕೆ ಸೌಂಡ್ ಕಾರ್ಡೇ ಇತ್ತು. 1992ರ ಗ್ರಾವಿಸ್ ಅಲ್ಟ್ರಾಸೌಂಡ್ 32 ದನಿಗಳನ್ನು ತಾನೇ ಬೆರೆಸುತ್ತಿತ್ತು, ಪ್ರೊಸೆಸರಿಗೆ ತೊಂದರೆ ಕೊಡದೆ. ಆದರೆ 44.1 ಕಿಲೋಹರ್ಟ್ಸ್ ಸಿಗುತ್ತಿದ್ದುದು 14 ದನಿಗಳವರೆಗೆ ಮಾತ್ರ. 32ನ್ನೂ ನುಡಿಸಿದರೆ ದರ 19.2ಕ್ಕೆ ಇಳಿಯುತ್ತಿತ್ತು. ಪ್ರೋಗ್ರಾಂ ಬರೆಯುವವರಿಗೋ ಎರಡೆರಡು ಕೆಲಸ: ಅಂಥ ಕಾರ್ಡ್ ಇದ್ದವರಿಗೊಂದು ದಾರಿ, ಇಲ್ಲದವರಿಗೊಂದು. ವಿಂಡೋಸ್ ವಿಸ್ತಾ ಬಂದಾಗ ಡೈರೆಕ್ಟ್‌ಸೌಂಡ್‌ಗಿದ್ದ ಹಾರ್ಡ್‌ವೇರ್ ದಾರಿ ಮುಚ್ಚಿಹೋಯಿತು. ದುಬಾರಿ ಕಾರ್ಡ್ ಕೊಂಡವರು ಬೈದುಕೊಂಡರು. ಮುಚ್ಚಿದ್ದೇ ಸರಿ ಅನ್ನುತ್ತೇನೆ ನಾನು. ನಾಲ್ಕು ಸಂಖ್ಯೆ ಕೂಡಿಸುವುದು ಇವತ್ತಿನ ಅಗ್ಗದ ಫೋನಿಗೂ ಲೆಕ್ಕಕ್ಕಿಲ್ಲದ ಕೆಲಸ.

ಜೂನ್ 16

ನಾಲ್ಕು ಪ್ಲೇಯರ್ ತೆರೆದು ಆಂಡ್ರಾಯ್ಡ್‌ಗೆ ಬಿಟ್ಟರೂ ಆದೀತು. ಅದರೊಳಗಿನ ಆಡಿಯೊಫ್ಲಿಂಗರ್ ಬೆರೆಸಿಕೊಡುತ್ತದೆ. ಆದರೆ ಒಂದೊಂದು ಪ್ಲೇಯರ್ ಒಂದೊಂದು ಗಳಿಗೆಗೆ ಹೊರಡುತ್ತದೆ. ಶ್ರುತಿ ಚೂರು ತಡವಾದರೆ ಯಾರಿಗೂ ತಿಳಿಯದು. ತಾಳ ಒಂದು ಕಡೆ, ಮದ್ದಳೆ ಇನ್ನೊಂದು ಕಡೆ ಆದರೆ ಪದವೇ ಕೆಡುತ್ತದೆ. ಹಾಗಾಗಿ ಒಂದೇ ಸ್ಟ್ರೀಮ್ ತೆರೆದು ನಾಲ್ಕನ್ನೂ ಕೋಡಿನಲ್ಲೇ ಕೂಡಿಸುತ್ತೇನೆ. ಯಾವ ಪೆಟ್ಟು ಎಷ್ಟನೇ ಸ್ಯಾಂಪಲ್‌ಗೆ ಬೀಳಬೇಕೆಂದು ಆಗ ಎಣಿಸಿ ಇಡಬಹುದು.

ಐದು ಹೊಳೆ ಸೇರುವ ಊರಲ್ಲಿ ಕೂತು ಮಿಕ್ಸಿಂಗ್ ಬರೆಯುತ್ತಿದ್ದೀಯ ಎಂದು ಬೆಂಗಳೂರಿನ ಗೆಳೆಯನ ತಮಾಷೆ. ಅಳಿವೆಯಲ್ಲಿ ನೀರು ಹೆಚ್ಚಾದರೆ ದಡ ಮೀರುತ್ತದೆ, ಋಣಸಂಖ್ಯೆಯಾಗುವುದಿಲ್ಲ! 16 ಬಿಟ್‌ನಲ್ಲಿ ಮೇಲಿನ ಮಿತಿ 32767. ಚಂಡೆಯದು 20000, ಮದ್ದಳೆಯದು 20000 ಒಟ್ಟಿಗೆ ಬಿದ್ದರೆ 40000 ಆಗದೆ ತಿರುಗಿ -25536 ಆಗಿಬಿಡುತ್ತದೆ. ಕಿವಿಗೆ ಟಪ್ ಎಂದು ಬಡಿಯುತ್ತದೆ. ಎಲ್ಲವನ್ನೂ ನಾಲ್ಕರಿಂದ ಭಾಗಿಸಿದರೆ ಅಪಾಯವಿಲ್ಲ, ಆದರೆ ಒಂಟಿ ಶ್ರುತಿ ಬಡವಾಗುತ್ತದೆ. ಫ್ಲೋಟ್‌ನಲ್ಲಿ ಕೂಡಿಸಿ ಕೊನೆಯಲ್ಲಿ ಒಂದು ಲಿಮಿಟರ್ ಇಡುವುದೇ ಮೇಲು.

ಜೂನ್ 23

ಚಂಡೆ ಕಲಿಯುತ್ತಿರುವ ಪಕ್ಕದ ಮನೆಯ ಹುಡುಗ ಪರದೆ ಮೇಲೆ ಬಡಿದು ನೋಡಿದ. “ಎಂತ ಮಾರಾಯ್ರೆ, ಪೆಟ್ಟ್ ಈಗ, ಶಬ್ದ ಮತ್ತೆ?” ಬಫರ್ 960 ಫ್ರೇಮ್ ಇತ್ತು, 48000 ದರದಲ್ಲಿ ಅದೊಂದೇ 20 ಮಿಲಿಸೆಕೆಂಡ್. ಅಷ್ಟು ಹೊತ್ತಿಗೆ ಶಬ್ದ ಗಾಳಿಯಲ್ಲಿ ಸುಮಾರು 7 ಮೀಟರ್ ದಾಟಿರುತ್ತದೆ. 192ಕ್ಕೆ ಇಳಿಸಿದೆ, 4 ಮಿಲಿಸೆಕೆಂಡ್. ನನ್ನ ಫೋನು ತಡೆದುಕೊಂಡಿತು, ಅವನ ಹಳೆಯದು ಚಟಪಟ ಅಂದಿತು. ಬಫರಿನ ಗಾತ್ರವನ್ನು ಫೋನಿಗೆ ತಕ್ಕಂತೆ ಹೊಂದಿಸಬೇಕು.

ಹಾಡುವವರ ಸ್ವಂತ ದನಿಯ ಮಾತೇ ಬೇರೆ. ಅದನ್ನು ಮೈಕಿನಿಂದ ತೆಗೆದು, ಕೂಡಿಸಿ, ಮತ್ತೆ ಅವರ ಕಿವಿಗೆ ತಲುಪಿಸುವಷ್ಟರಲ್ಲಿ ತಡವಾಗಿರುತ್ತದೆ. ಆಟದ ಮೈಕಿನವರ ಹಳೇ ಅನಲಾಗ್ ಮಿಕ್ಸರ್‌ಗೆ ಈ ತಾಪತ್ರಯವಿಲ್ಲ. ಹಾರ್ಡ್‌ವೇರ್ ಇವತ್ತಿಗೂ ಗೆಲ್ಲುವುದು ಅಲ್ಲಿ. ರೆಕಾರ್ಡಿಂಗ್ ಪೆಟ್ಟಿಗೆಗಳಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇರುವುದೂ ಅದಕ್ಕೇ. ಆ್ಯಪ್ ದನಿಯನ್ನು ರೆಕಾರ್ಡ್ ಮಾತ್ರ ಮಾಡಿಕೊಳ್ಳಲಿ. ಹಾಡುವವರು ಒಂದು ಕಿವಿಯ ಇಯರ್‌ಫೋನ್ ತೆಗೆದಿಟ್ಟು ಹಾಡಲಿ.