ಎರಡು ನಿಮಿಷದ ಭಯ

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಅಲಂಕಾರಶಾಸ್ತ್ರಗಳನ್ನು ಓದಿ, ಮುಂದೆ ಅದನ್ನೇ ಮಕ್ಕಳಿಗೆ ಹೇಳಿಕೊಟ್ಟು ನಿವೃತ್ತನಾದ ನನಗೂ ಚಲನಚಿತ್ರಕ್ಕೂ ಹೆಚ್ಚಿನ ನಂಟಿಲ್ಲ. 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರವನ್ನು ಚಿಕ್ಕಮಗಳೂರಿನ ಬಳಿಯ ಕಳಸಾಪುರದಲ್ಲಿ ತೆಗೆದರೆಂಬ ಅಭಿಮಾನಕ್ಕೆ (ಕಳಸವಲ್ಲ, ಕಳಸಾಪುರ, ಎರಡೂ ಒಂದೇ ಎಂದು ತಿಳಿಯುವವರಿದ್ದಾರೆ) ಅದನ್ನು ಎರಡು ಸಲ ನೋಡಿದ್ದುಂಟು. ಹೀಗಿರುವಾಗ ಕಳೆದ ಕಾರ್ತಿಕದಲ್ಲಿ, ಪದವಿ ತರಗತಿಯಲ್ಲಿ ಪತ್ರಿಕೋದ್ಯಮ ಓದುತ್ತಿರುವ ಮೊಮ್ಮಗಳು ಒಂದು ನೋಟುಪುಸ್ತಕ ಹಿಡಿದು ನನ್ನೆದುರು ಕುಳಿತಳು.

“ತಾತ, ಒಂದು ಥ್ರಿಲ್ಲರ್ ಚಿತ್ರದ ಆರಂಭ ಮಾಡಬೇಕು. ಎರಡೇ ನಿಮಿಷ. ಮುಂದಿನ ಕಥೆ ಬೇಡವಂತೆ.”

ಆರಂಭವೊಂದೇ ಸಾಕೆಂಬ ಪಾಠ ನನಗೆ ವಿಚಿತ್ರವೆನಿಸಿತು. ಆದರೆ ಪುಸ್ತಕ ತೆರೆದು ನೋಡಿದಾಗ ಅವರ ಸಿದ್ಧತೆಗೆ ತಲೆದೂಗಿದೆ. ಪ್ರತಿಯೊಂದು ದೃಶ್ಯಕ್ಕೂ ಪುಟ್ಟ ಚಿತ್ರ, ಹೆಸರುಗಳು ಯಾವ ಕ್ಷಣದಲ್ಲಿ ಮೂಡಬೇಕು, ಯಾವ ಸದ್ದು ಎಲ್ಲಿ, ಸ್ಥಳದಲ್ಲಿ ಎದುರಾಗಬಹುದಾದ ಅಪಾಯಗಳೇನು ಎಂದೆಲ್ಲ ಬರೆದಿದ್ದರು. ಅಪಾಯಗಳ ಪಟ್ಟಿಯಲ್ಲಿ ಜಿಗಣೆ, ಹಾವು, ಕಾಲು ಜಾರುವುದು, ಕೊನೆಗೆ “ಆನೆ: ರೈಟರನ್ನು ಕೇಳುವುದು”. ಕಥೆ ಮಾತ್ರ ಮಾಮೂಲು: ರಾತ್ರಿ, ಮಂಜು, ಕಿರುಚಾಟ, ಕತ್ತಿ.

ನನ್ನೊಳಗಿನ ಪಂಡಿತ ಎಚ್ಚರಗೊಂಡ. ಭಯಾನಕ ರಸಕ್ಕೆ ವಿಕಾರವಾದ ಧ್ವನಿ, ಬರಿದಾದ ಮನೆ, ಅರಣ್ಯ ಮೊದಲಾದವು ಕಾರಣಗಳೆಂದು ಭರತನು ನಾಟ್ಯಶಾಸ್ತ್ರದ 6ನೆಯ ಅಧ್ಯಾಯದಲ್ಲೇ ಹೇಳಿದ್ದಾನೆಂದು ತಿಳಿಸಿದೆ. ಆಮೇಲೆ ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಎತ್ತಿಕೊಂಡೆ. ಇದೇ ವೃತ್ತಾಂತವನ್ನು ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂದು ಕನ್ನಡದಲ್ಲಿ ಬರೆದಿದ್ದಾನೆ. ಆ ನಾಟಕದ ಪ್ರಸ್ತಾವನೆಯಲ್ಲಿ ಸೂತ್ರಧಾರನು ಹೆಂಡತಿಯೊಡನೆ ಗ್ರಹಣದ ಮಾತನಾಡುತ್ತ, ಕ್ರೂರಗ್ರಹವು ಚಂದ್ರನನ್ನು ಆಕ್ರಮಿಸಹೊರಟಿದೆ ಎನ್ನುತ್ತಾನೆ. ಅಷ್ಟರಲ್ಲಿ ತೆರೆಯ ಹಿಂದಿನಿಂದ ಒಂದು ಗರ್ಜನೆ: ನಾನಿರುವಾಗ ಚಂದ್ರನ ಮೇಲೆ ಬೀಳುವವನಾರು? ಆಕಾಶದ ಚಂದ್ರನ ಮಾತು ಒಂದು ಕ್ಷಣದಲ್ಲಿ ಚಂದ್ರಗುಪ್ತನ ಮಾತಾಯಿತು. ಸೂತ್ರಧಾರ ಬೆದರಿ ಹೊರಟುಹೋಗುತ್ತಾನೆ. ಚಾಣಕ್ಯ ಕಾಣಿಸುವುದು ಅನಂತರ. ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ.

“ಇದು ಥ್ರಿಲ್ಲರೇ ತಾತ!” ಎಂದಳು. ಪ್ರತಿಯಾಗಿ ಅವಳು ಹಿಚ್‌ಕಾಕ್‌ನ 1960ರ ‘ಸೈಕೋ’ ಚಿತ್ರದ ಆರಂಭವನ್ನು ಮೊಬೈಲಿನಲ್ಲಿ ತೋರಿಸಿದಳು. ಅದು ಅಮೆರಿಕದ ಫೀನಿಕ್ಸ್ ನಗರದಲ್ಲಿ ಹಾಡುಹಗಲಿನಲ್ಲಿ ಶುರುವಾಗುತ್ತದೆ. ನಮ್ಮ ಮೂಡಿಗೆರೆಯ ತೇಜಸ್ವಿಯವರ ‘ಜುಗಾರಿ ಕ್ರಾಸ್’ನಲ್ಲಿಯೂ ದೆವ್ವ ಪಿಶಾಚಿಗಳಿಲ್ಲ, ಏಲಕ್ಕಿ ಬೆಳೆಯುವ ದಂಪತಿಗಳ ಒಂದು ದಿನದ ಕಥೆ ಎಂದು ನೆನಪಿಸಿದೆ. ಕತ್ತಿಯೂ ಕಿರುಚಾಟವೂ ಅಂದೇ ರದ್ದಾದವು.

ಸ್ಥಳ ಹುಡುಕಲು ನಾನೂ ಹೊರಟೆ. ಕೊಟ್ಟಿಗೆಹಾರದಲ್ಲಿ ಮಂಜಿಗಿಂತ ಪ್ರವಾಸಿಗರೇ ದಟ್ಟವಾಗಿದ್ದರು. ಕೊನೆಗೆ ಮೂಡಿಗೆರೆ ಕಡೆಯ ನಮ್ಮ ನೆಂಟರ ತೋಟವೇ ಆಯಿತು. ಅರೇಬಿಕಾ ಕೊಯ್ಲಿನ ಕಾಲ. ಪಲ್ಪರ್ ಮನೆಯ ಹಿಂದೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ಬುಡವನ್ನು ನಾನೇ ಆರಿಸಿದೆ. ಅಲ್ಲೊಂದು ಹೆಂಗಸಿನ ಶವ, ಪಕ್ಕದಲ್ಲಿ ಉರುಳಿದ ಚೀಲ, ಸುತ್ತ ಚೆಲ್ಲಿದ ಕೆಂಪು ಹಣ್ಣು. ರಕ್ತವನ್ನು ತೋರಿಸದೆ ಹಣ್ಣಿನಿಂದ ಸೂಚಿಸುವುದು ನನ್ನ ಸಲಹೆ. ಒಳ್ಳೆಯ ಧ್ವನಿಕಾವ್ಯವೆಂದು ನನಗೆ ನಾನೇ ಮೆಚ್ಚಿಕೊಂಡಿದ್ದೆ.

ಗೆಳತಿಯೊಬ್ಬಳು ಪರೀಕ್ಷೆಗೆಂದು ಅಲ್ಲಿ ಮಲಗಿದಳು. ಹಣ್ಣು ಬಿಡಿಸಿ ಚೀಲ ಹೊತ್ತು ಬರುತ್ತಿದ್ದ ಹೆಂಗಸರು ನಿಂತರು. ಅವರಲ್ಲೊಬ್ಬಾಕೆ ಚೀಲವನ್ನು ಕೆಳಗಿಳಿಸಿ, ನನ್ನನ್ನು ನೋಡಿ ಹೇಳಿದಳು:

“ನನ್ನ ಗಂಡ ಬಿದ್ದಿದ್ದೂ ಹಿಂಗೇ, ಅಯ್ನೋರೆ.”

ಮಲಗಿದ್ದ ಹುಡುಗಿ ದಡಬಡಿಸಿ ಎದ್ದಳು. ಕೆಲವು ವರ್ಷಗಳ ಹಿಂದೆ, ಬೇರೊಂದು ತೋಟದಲ್ಲಿ, ಆನೆ. ಈ ಸೀಮೆಯವರಿಗೆ ಇದು ಹೊಸ ಸುದ್ದಿಯಲ್ಲ. 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಆನೆ ತುಳಿದು ಸಾವಾದಾಗ ಜನ ರೊಚ್ಚಿಗೆದ್ದರು. ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಸರ್ಕಾರ ಆನೆ ಕಾರ್ಯಪಡೆಗಳನ್ನು ರಚಿಸಿತು. ಇದನ್ನೆಲ್ಲ ಪತ್ರಿಕೆಯಲ್ಲಿ ಓದಿದ್ದ ನಾನು ಆ ಮರದ ಬುಡದಲ್ಲಿ ಹಣ್ಣು ಚೆಲ್ಲಿಸಿದ್ದೆ. ತಪ್ಪಾಯಿತು ತಾಯಿ ಎಂದೆ. ಆಕೆ ಕೋಪಗೊಂಡಿರಲಿಲ್ಲ, ನಮ್ಮ ಅಜ್ಞಾನಕ್ಕೆ ಮರುಗಿದಂತಿತ್ತು.

“ಕತ್ಲಾದ್ರೆ ನಾವು ಹೊರಗೇ ಬರಾದಿಲ್ಲ. ಹೆದ್ರಿಕೆ ಇರಾದು ಬೆಳಿಗ್ಗೆ, ಕೆಲಸದಾಗೆ. ಮೊದ್ಲು ಬೈನೆ ಸೀಳಿದ್ ಸದ್ದು. ಆಮೇಲೆ ಏನೂ ಸದ್ದಿರಾದಿಲ್ಲ.”

ಆ ರಾತ್ರಿ ಮೊಮ್ಮಗಳು ಚಿತ್ರಪಟಗಳನ್ನೆಲ್ಲ ತೆಗೆದಿಟ್ಟು, “ತಾತ, ಆಯಮ್ಮ ಹೇಳಿದ್ದನ್ನೇ ತೆಗೆದರೆ ಅದೂ ಕಳ್ಳತನವಲ್ಲವೇ?” ಎಂದು ಕೇಳಿದಳು. ನಾನು ಓದಿದ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹೋಗಿ ಆಕೆಯನ್ನೇ ಕೇಳು ಎಂದೆ. ಕೇಳಿದಳು. ಹೆಣ ತೋರಿಸಬಾರದು, ತನ್ನ ಹೆಸರು ಹಾಕಬಾರದು ಎಂಬ ಎರಡು ಮಾತಿಗೆ ಒಪ್ಪಿಸಿಕೊಂಡು ಆಕೆ ಹೂಂಗುಟ್ಟಿದಳು. ಕೊಯ್ಲಿನ ಕೂಲಿ ಕಿಲೋ ಲೆಕ್ಕ. ನಿಂತಷ್ಟು ಹೊತ್ತೂ ನಷ್ಟ. ಹಾಗಾಗಿ ರಜೆಯ ದಿನ ಬೆಳಿಗ್ಗೆ, ಆನೆಗಳು ಬೇರೆ ದಿಕ್ಕಿನಲ್ಲಿವೆಯೆಂದು ರೈಟರು ಖಚಿತಪಡಿಸಿದ ಮೇಲೆ ಕೆಲಸ ನಡೆಯಿತು.

ಹುಡುಗರು ಒಣಕೊಂಬೆ ಮುರಿದು ಸದ್ದು ಹಿಡಿದಿದ್ದರು. ಆಕೆ ತಲೆಯಾಡಿಸಿದಳು: “ಒಣಗಿದ್ದಲ್ಲ, ಹಸೀದು.” ಗಾಳಿಗೆ ಬಿದ್ದಿದ್ದ ಬೈನೆಯ ಹಸಿ ಸೋಗೆಯನ್ನು ತಂದು ಸೀಳಿದರು, ನಾಲ್ಕನೆಯ ಸಲಕ್ಕೆ ಒಪ್ಪಿದಳು. ಸದ್ದು ಕೇಳಿದೊಡನೆ ಹೆಂಗಸರು ಓಡಬೇಕೆಂದು ಹುಡುಗರ ಎಣಿಕೆ. ಯಾರೂ ಓಡರಂತೆ. ಕೈ ಹಣ್ಣಿನ ಮೇಲೇ ನಿಲ್ಲುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹಾಗೆಯೇ ನಿಂತು ತೋರಿಸಿದಳು. ಕ್ಯಾಮೆರಾ ಹಿಡಿದ ಹುಡುಗನೂ ಅಲುಗಾಡಲಿಲ್ಲ.

ಈಗ ಆ ಎರಡು ನಿಮಿಷದಲ್ಲಿರುವುದು ಎಳೆಬಿಸಿಲು, ಹೆಂಗಸರ ಹರಟೆ, ಚೀಲಕ್ಕೆ ಹಣ್ಣು ಬೀಳುವ ಟಪಟಪ, ಒಂದು ಸದ್ದು, ಮೌನ, ಚಿತ್ರದ ಹೆಸರು. ಆನೆ ಎಲ್ಲಿಯೂ ಇಲ್ಲ. ಕಾಲೇಜಿನಲ್ಲಿ ಖಳನಾಯಕ ಯಾರೆಂದು ಕೇಳಿದರಂತೆ, ಅಂಕಗಳು ಸಾಧಾರಣ.

ಲೈನ್ ಮನೆಯ ಜಗುಲಿಯಲ್ಲಿ ಅದನ್ನು ಮೊಬೈಲಿನಲ್ಲಿ ತೋರಿಸಿದೆವು. ಎಲ್ಲರೂ ತಂತಮ್ಮ ಮುಖ ಕಂಡು ನಕ್ಕರು. ಆಕೆ ನಗಲಿಲ್ಲ. ಇನ್ನೊಂದು ಸಲ ಹಾಕವ್ವ, ಆದರೆ ಸದ್ದು ಬೇಡ ಎಂದಳು. ಮೊಮ್ಮಗಳು ಸದ್ದು ಅಡಗಿಸಿ ಮತ್ತೆ ತೋರಿಸಿದಳು.