ಗೇರ್ ಬಾಕ್ಸಿಗೆ ಹೇಳಿದ ಸುಳ್ಳು

ಮೂವತ್ತು ವರ್ಷ ಚಿಂಚವಡದ ಕಾರ್ಖಾನೆಯೊಂದರಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳನ್ನು ಜೋಡಿಸಿ ನಿವೃತ್ತನಾದವನು ನಾನು. ತಂತಿ, ವೋಲ್ಟೇಜುಗಳ ವಿಷಯದಲ್ಲಿ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಆ ಹೆಮ್ಮೆ ಖಂಬಾಟಕಿ ಘಾಟಿನಲ್ಲಿ ಇಳಿದುಹೋದ ಕಥೆ ಇದು.

2018ರಲ್ಲಿ ಪುಣೆಯಲ್ಲಿ ಕೆಲಸಕ್ಕೆ ಸೇರಿದ ತಂಗಿಯ ಮಗ ಹಳೆಯ ಕಾರೊಂದನ್ನು ಕೊಂಡ. ಟರ್ಬೊ ಪೆಟ್ರೋಲ್ ಎಂಜಿನ್, ಆರು ಗೇರಿನ ಆಟೊಮ್ಯಾಟಿಕ್. ಶಕ್ತಿ ಹೆಚ್ಚಿಸುವ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ತರಿಸಿಕೊಂಡು ಒಂದು ಭಾನುವಾರ ಮನೆಗೆ ಬಂದ. "ಮಾಮಾ, ಇದನ್ನ ನೀವ ಹಾಕಿಕೊಡ್ರಿ. ಗ್ಯಾರೇಜಿನವರ ಕೈಯಾಗ ಕೊಡಂಗಿಲ್ಲ" ಎಂದ. ಹೊಗಳಿಕೆಗೆ ಯಾರು ಕರಗುವುದಿಲ್ಲ? ಒಂದು ಗಂಟೆಯಲ್ಲಿ ಕೂರಿಸಿಬಿಟ್ಟೆ.

ಆ ಪೆಟ್ಟಿಗೆಯ ಕೆಲಸ ಸರಳ. ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತುಂಬುತ್ತಿದೆ ಎಂಬುದನ್ನು ಸೆನ್ಸರೊಂದು ಅಳೆದು, ವೋಲ್ಟೇಜಿನ ರೂಪದಲ್ಲಿ ಎಂಜಿನ್ ಕಂಪ್ಯೂಟರಿಗೆ ತಿಳಿಸುತ್ತದೆ. ಪೆಟ್ಟಿಗೆ ನಡುವೆ ಕುಳಿತು ಆ ವೋಲ್ಟೇಜನ್ನು ಕಡಿಮೆ ಮಾಡಿ ತೋರಿಸುತ್ತದೆ. ಒತ್ತಡ ಸಾಲದೆಂದು ಭಾವಿಸಿದ ಕಂಪ್ಯೂಟರು ಟರ್ಬೊವನ್ನು ಇನ್ನಷ್ಟು ದುಡಿಸುತ್ತದೆ. ಕಾರು ನಿಜಕ್ಕೂ ಚಿಗರೆಯಂತೆ ಓಡತೊಡಗಿತು. ಹುಡುಗನಿಗಿಂತ ನಾನೇ ಹೆಚ್ಚು ಹಿಗ್ಗಿದೆ.

ಮೂರು ವಾರದ ನಂತರ ತಂಗಿಯನ್ನು ಹುಬ್ಬಳ್ಳಿಗೆ ಬಿಡಲು ಹೊರಟೆವು. ಖಂಬಾಟಕಿ ಘಾಟಿನ ಏರಿನಲ್ಲಿ ಎಂಜಿನ್ ಕೂಗುತ್ತಿತ್ತು, ವೇಗ ಮಾತ್ರ ಏರಲಿಲ್ಲ. ಆಮೇಲೆ ಧಡಕ್ಕೆಂದು ಒಂದೇ ಗೇರಿನಲ್ಲಿ ನಿಂತುಬಿಟ್ಟಿತು. ಹಿಂದೆ ಲಾರಿಗಳ ಸಾಲು. "ಅಣ್ಣಾ, ಗಾಡಿ ಯಾಕ ಹಿಂಗ ಒದರಲಿಕತ್ತದ?" ಎಂದು ತಂಗಿ ಕೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹೇಗೋ ತೆವಳುತ್ತ ಏರು ಮುಗಿಸಿ ಬದಿಗೆ ನಿಲ್ಲಿಸಿದೆವು.

ಗ್ಯಾರೇಜಿನಲ್ಲಿ ಮೇಸ್ತ್ರಿ ಗೇರ್ ಬಾಕ್ಸಿನ ಆಯಿಲನ್ನು ಬೆರಳಿಗೆ ಹಚ್ಚಿ ಮೂಸಿ, ನನ್ನ ಮುಂದೆ ಹಿಡಿದ. ಕಪ್ಪು ಬಣ್ಣ, ಸುಟ್ಟ ವಾಸನೆ. ಒಳಗಿನ ಕ್ಲಚ್ ಪ್ಲೇಟುಗಳು ಜಾರಿ ಜಾರಿ ಬೆಂದಿದ್ದವು.

ನಾನು ಮರೆತದ್ದು ಇಷ್ಟೇ. ಇಂಥ ಕಾರಿನಲ್ಲಿ ಇರುವುದು ಒಂದು ಕಂಪ್ಯೂಟರ್ ಅಲ್ಲ, ಎರಡು. ಎಂಜಿನ್ನಿಗೊಂದು, ಗೇರ್ ಬಾಕ್ಸಿಗೊಂದು. 1986ರಲ್ಲಿ ಬಾಷ್ ಕಂಪನಿ ಪ್ರಕಟಿಸಿದ ಕ್ಯಾನ್ ಪದ್ಧತಿಯಂತೆ ಎರಡೇ ತಂತಿಗಳ ಮೇಲೆ ಅವು ಸದಾ ಮಾತಾಡುತ್ತಿರುತ್ತವೆ. "ಈಗ ನನ್ನ ಎಳೆತ ಇಷ್ಟು" ಎಂದು ಎಂಜಿನ್ ಹೇಳಿದರೆ, ಪ್ಲೇಟುಗಳನ್ನು ಹಿಡಿಯಲು ಅದಕ್ಕೆ ತಕ್ಕಷ್ಟು ಆಯಿಲ್ ಒತ್ತಡವನ್ನು ಗೇರ್ ಬಾಕ್ಸ್ ಕೊಡುತ್ತದೆ. ಗೇರ್ ಬದಲಿಸುವಾಗ "ಒಂದು ಕ್ಷಣ ತಗ್ಗು" ಎಂದು ಗೇರ್ ಬಾಕ್ಸ್ ಕೇಳಿದರೆ, ಎಂಜಿನ್ ಕಿಡಿ ಹಾರಿಸುವುದನ್ನು ತುಸು ತಡಮಾಡಿ ಎಳೆತ ಇಳಿಸುತ್ತದೆ. ನಾನು ಎಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಹೇಳಿದೆ. ಅದು ಪಾಪ, ಅದೇ ಸುಳ್ಳನ್ನು ಗೇರ್ ಬಾಕ್ಸಿಗೆ ದಾಟಿಸಿತು. ಎಳೆತ ಹೆಚ್ಚು, ಹಿಡಿತ ಕಡಿಮೆ.

ಹಾಗಾದರೆ ಮೂಲ ಕಂಪ್ಯೂಟರನ್ನೇ ತೆಗೆದು ಹೊಸತನ್ನು ಹಾಕಬಹುದಲ್ಲ ಎಂದೀರಿ. ಹಾಕಬಹುದು. ಆದರೆ ಅದಕ್ಕೆ ಆ ಗೇರ್ ಬಾಕ್ಸಿನ ಭಾಷೆ ಬರಬೇಕು. ಬಾರದಿದ್ದರೆ ಸುದ್ದಿ ಸಿಗದ ಗೇರ್ ಬಾಕ್ಸ್ ತನ್ನನ್ನು ಕಾಪಾಡಿಕೊಳ್ಳಲು ಒಂದೇ ಗೇರಿನಲ್ಲಿ ಕುಳಿತುಬಿಡುತ್ತದೆ. ಇಲ್ಲವೇ ಗೇರ್ ಬಾಕ್ಸಿಗೂ ಪ್ರತ್ಯೇಕ ಕಂಪ್ಯೂಟರ್ ಹಾಕಿ, ಎರಡನ್ನೂ ಕೂಡಿಸಿ ಹೊಂದಿಸಬೇಕು. ಎಳೆತಕ್ಕೆ ಸುರಕ್ಷಿತ ಮಿತಿ ಎಷ್ಟೆಂದು ಮೊದಲೇ ತಿಳಿದಿರಬೇಕು. ಮ್ಯಾನುಯಲ್ ಗಾಡಿಯಲ್ಲಿ ಈ ಹೊಂದಾಣಿಕೆಯನ್ನು ಚಾಲಕನ ಕಾಲೇ ಮಾಡುತ್ತದೆ. ಆಟೊಮ್ಯಾಟಿಕ್‌ನಲ್ಲಿ ಆ ಕಾಲಿಲ್ಲ. ಇಷ್ಟೆಲ್ಲ ಮಾಡಿದರೂ ಗಾಡಿಯ ವಿಮೆ, ನೋಂದಣಿಯ ನಿಯಮಗಳ ಪ್ರಶ್ನೆ ಉಳಿದೇ ಇರುತ್ತದೆ.

ರಿಪೇರಿಯ ಅರ್ಧ ಖರ್ಚು ನಾನು ಕೊಟ್ಟೆ. ಹುಡುಗ ಬೇಡವೆಂದ, ನಾನು ಬಿಡಲಿಲ್ಲ. ಪೆಟ್ಟಿಗೆ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಅದನ್ನು ನೋಡಿದಾಗಲೆಲ್ಲ ನಾನು ಪುಣೆಗೆ ಬಂದ ಹೊಸತು ನೆನಪಾಗುತ್ತದೆ. ಮರಾಠಿ ಬಾರದೆಂದು ಹೇಳಿದಾಗ ಜನ ನಿಂತು, ಕೈಸನ್ನೆ ಮಾಡಿ ದಾರಿ ತೋರಿಸುತ್ತಿದ್ದರು. ಬಂದವನಂತೆ ತಲೆಯಾಡಿಸಿದ ದಿನವೇ ಸ್ವಾರಗೇಟಿನಲ್ಲಿ ತಪ್ಪು ಬಸ್ಸು ಹತ್ತಿದ್ದೆ.